ಅಸದುಲ್ಲಾ ಸಾಬರಿಗೆ ಕಾಣದ ಗುಳ್ಳೆ

ದೊಡ್ಡಬಳ್ಳಾಪುರದ ಸುತ್ತಮುತ್ತ ಫ್ರಿಜ್ ಕೆಟ್ಟರೆ ಮೂವತ್ತು ವರ್ಷದಿಂದ ಜನ ಕರೆಯುತ್ತಿದ್ದುದು ಅಸದುಲ್ಲಾ ಸಾಬರನ್ನೇ. ಫ್ರೀಜರಿನಲ್ಲಿ ಕಟ್ಟಿದ ಐಸು ಕರಗುವ ತನಕ ಕಾಯುವ ತಾಳ್ಮೆ ನಮ್ಮವರಿಗೆಲ್ಲಿದೆ? ಚಾಕು ತಗೊಂಡು ಕೆರೆಯುತ್ತಾರೆ. ಮೊನೆ ತಗಡಿಗೆ ನಾಟಿ ಬುಸ್ಸೆನ್ನುತ್ತದೆ, ಗ್ಯಾಸೆಲ್ಲ ಖಾಲಿ. ಆಮೇಲೆ ಕೇಳಿ ನೋಡಿ, ಚುಚ್ಚಿದವರು ಯಾರೂ ಇಲ್ಲ. ಚಾಕುವಿನ ಗುರುತು ಎದುರಿಗೇ ಇದ್ದರೂ ಸಾಬರು, "ಹಳೇದಾಯ್ತಲ್ಲಮ್ಮ, ಪೈಪು ಸವೆದಿದೆ" ಅಂದುಬಿಡುತ್ತಿದ್ದರು. ಅವರ ದಯೆಯಿಂದ ಬೈಗುಳ ತಪ್ಪಿಸಿಕೊಂಡ ಸೊಸೆಯರು ಊರಿಗೊಬ್ಬರಾದರೂ ಇದ್ದಾರು.

ಈಗ ಅವರ ಕಣ್ಣೇ ಕೈಕೊಟ್ಟಿತ್ತು. ಸಕ್ಕರೆ ಕಾಯಿಲೆ ಕಣ್ಣಿನೊಳಗೆ ಸೇರಿದೆ, ಹೋದ ದೃಷ್ಟಿ ವಾಪಸ್ ಬರೋದಿಲ್ಲ ಎಂದು ಡಾಕ್ಟರು ಹೋದ ವಾರ ಮುಖಕ್ಕೇ ಹೇಳಿದ್ದರು. ಹೆಂಡತಿ ಶರೀಫುನ್ನೀಸಾ ಮುಂದೆಯೂ ಸಾಬರು ಅದನ್ನು ಬಾಯಿ ಬಿಟ್ಟಿರಲಿಲ್ಲ. ಬಸ್ಸು ಕಾಣುತ್ತದೆ, ಬಾಗಿಲು ಕಾಣುತ್ತದೆ, ಮನುಷ್ಯರೂ ಕಾಣುತ್ತಾರೆ. ಆದರೆ ಅವರ ಕಸುಬು ನಿಂತಿದ್ದುದು, ತೂತಿದ್ದ ಕಡೆ ಸೋಪಿನ ನೊರೆಯಲ್ಲಿ ಏಳುವ ಸಾಸಿವೆ ಗಾತ್ರದ ಗುಳ್ಳೆಯ ಮೇಲೆ. ಅದು ಕಂಡರೆ ತಾನು ಮೆಕ್ಯಾನಿಕ್, ಕಾಣದಿದ್ದರೆ ಮನೆ ಮೂಲೆಯ ಮುದುಕ. ಇವತ್ತು ಎರಡರಲ್ಲೊಂದು ಗೊತ್ತಾಗಲಿ ಎಂದುಕೊಂಡೇ ಅವರು, ಫ್ರಿಜ್ ಕೆಟ್ಟಿದೆ ಎಂದು ಕರೆದಿದ್ದ ಅಕ್ಕಯಮ್ಮನ ಮನೆಗೆ ಬಂದಿದ್ದರು.

"ಯಾರಾದ್ರೂ ಚುಚ್ಚಿದ್ರೆ ಮುಚ್ಚಿಡ್ಬೇಡಿ ಸಾಬ್ರೇ, ಹೇಳ್ಬಿಡಿ" ಎಂದಳು ಅಕ್ಕಯಮ್ಮ, ಸೊಸೆಯನ್ನೇ ನೋಡುತ್ತ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟು ಮುಗಿಸಿ ಬಂದಿದ್ದ ಸೊಸೆ ಅರ್ಪಿತ ತಲೆ ತಗ್ಗಿಸಿದಳು.

"ಪೈಪು ಸವೆದಿರುತ್ತಮ್ಮ" ಎಂದರು ಸಾಬರು, ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೂ ಮೊದಲೇ. ಅಕ್ಕಯಮ್ಮ ಮುಖ ಸಣ್ಣದು ಮಾಡಿಕೊಂಡು ಜಗಲಿಗೆ ಹೋದಳು.

ಪೈಪಿಗೆ ನೈಟ್ರೋಜನ್ ತುಂಬಿ, ಫ್ರೀಜರಿನ ತಗಡಿಗೆಲ್ಲ ಸೋಪಿನ ನೊರೆ ಸವರಿದರು. ತೂತಿದ್ದ ಕಡೆ ಗುಳ್ಳೆ ಏಳಬೇಕು. ಅವರಿಗೆ ಕಂಡದ್ದು ಬರೀ ಬಿಳುಪು. ಒರೆಸಿ ಮತ್ತೆ ಸವರಿದರು. ಸುಯ್ಯೆನ್ನುವ ಸದ್ದು ಕಿವಿಗೆ ಬೀಳುತ್ತಿತ್ತು, ಎಲ್ಲಿಂದ ಎಂದು ತಿಳಿಯುತ್ತಿರಲಿಲ್ಲ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮೂರನೇ ಸಲವೂ ಸವರಿದರು. ಯಾ ಅಲ್ಲಾ, ಒಂದೇ ಒಂದು ಕಾಣಿಸು, ಸಾಕು ಎಂದು ಒಳಗೊಳಗೇ ಬೇಡಿಕೊಂಡರು. ಏನೂ ಕಾಣಲಿಲ್ಲ.

"ಅಣ್ಣಾ" ಎಂದಳು ಅರ್ಪಿತ, ಅತ್ತೆಗೆ ಕೇಳಿಸದ ಹಾಗೆ. "ಬಲಗಡೆ ಮೂಲೇಲಿ ಏಳ್ತಾ ಇದೆಯಲ್ಲ."

"ಎಲ್ಲಮ್ಮ?"

ಅವಳು ಬೆರಳಿಟ್ಟು ತೋರಿಸಿದಳು. ಸಾಬರು ಮೂಗು ತಾಗುವಷ್ಟು ಬಗ್ಗಿದರು. ಅವಳ ಬೆರಳು ಕಂಡಿತು, ಗುಳ್ಳೆ ಕಾಣಲಿಲ್ಲ.

"ಇಲ್ಲಿ ಬೆಳಕೇ ಸಾಲ್ದು ಅಣ್ಣಾ. ಯಾರ್ಗೂ ಕಾಣ್ಸಲ್ಲ ಬಿಡಿ" ಎಂದಳು ಹುಡುಗಿ. ಕಿಟಕಿಯಿಂದ ಇಳಿಬಿಸಿಲು ನೇರ ಫ್ರೀಜರಿನೊಳಕ್ಕೇ ಬೀಳುತ್ತಿತ್ತು. ಅದರ ಕಾವು ಸಾಬರ ಕೆನ್ನೆಗೂ ತಗುಲುತ್ತಿತ್ತು. ಅವಳು ಬೈದಿದ್ದರೂ ಅವರಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳ ಬೆರಳ ತುದಿಯನ್ನೇ ತಡವಿಕೊಂಡು ಆ ಜಾಗ ಉಜ್ಜಿ, ಅಂಟು ಕಲಸಿ ಮೆತ್ತಿದರು. ಅದು ಗಟ್ಟಿಯಾಗುವ ತನಕ ಅಡುಗೆಮನೆಯ ನೆಲದ ಮೇಲೆ ಕೂತು ಕಾದರು. ಮತ್ತೆ ನೊರೆ ಸವರಿದಾಗ, ಏಳ್ತಾ ಇಲ್ಲ ಅಂತ ಹೇಳಿದ್ದೂ ಅರ್ಪಿತಳೇ. ಗ್ಯಾಸ್ ತುಂಬಿದ ಮೇಲೆ ಫ್ರಿಜ್ ಗುಂಯ್ ಎಂದು ಓಡಿತು. ಒಳಗೆ ತಂಪು ಹಿಡಿಯಿತು.

ಸದ್ದು ಕೇಳಿ ಒಳಗೆ ಬಂದ ಅಕ್ಕಯಮ್ಮನಿಗೆ ಖುಷಿಯಾಯಿತು. "ಕೈ ಅಂದ್ರೆ ನಿಮ್ದು ಸಾಬ್ರೇ. ನಮ್ ಬೀಗ್ರು ಮನೇಲೂ ಒಂದು ಕೆಟ್ಟು ಕೂತದೆ, ನಾಳೆ ಹೋಗಿ ನೋಡ್ತೀರಾ?"

ಸಾಬರು ಸಾಮಾನನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿದರು.

"ಬೇರೆ ಯಾರನ್ನಾದ್ರೂ ಕರ್ಕೊಳ್ಳಕ್ಕೆ ಹೇಳಿ ತಾಯಿ" ಎಂದರು. "ನನಗೆ ಕಣ್ಣು ಹೋಗಿದೆ."

ಅಷ್ಟು ದಿನ ಹೆಂಡತಿಯ ಮುಂದೆಯೂ ಆಡದ ಮಾತನ್ನು ಅವರು ಮೊದಲು ಆಡಿದ್ದು ಆ ಪರರ ಅಡುಗೆಮನೆಯಲ್ಲಿ.