ನೋರೀನ್ ಕಿಲ್ರಾಯ್ ಹಾಕಿದ ಒಡ್ಡು

ನೋರೀನ್ ಕಿಲ್ರಾಯ್ ಹುಟ್ಟಿ ಬೆಳೆದದ್ದು ಜೌಗಿನ ಅಂಚಿನ ಮನೆಯಲ್ಲಿ. ರಾಸ್ಕಾಮನ್ ಜಿಲ್ಲೆಯ ನಮ್ಮ ಕಡೆ ಎಲ್ಲರ ಒಲೆಯಲ್ಲೂ ಉರಿಯುತ್ತಿದ್ದದ್ದು ಆ ಜೌಗಿನ ಕರಿಮಣ್ಣನ್ನೇ ಇಟ್ಟಿಗೆಯಂತೆ ಕೊಯ್ದು ಒಣಗಿಸಿದ ಕರಿಹೆಂಟೆ. ಕೊಯ್ಯಬೇಕಾದರೆ ನೀರು ಬಸಿಯಬೇಕು. ಅಜ್ಜಂದಿರ ಕಾಲದಿಂದ ಕಾಲುವೆ ತೋಡಿ ತೋಡಿ ಜೌಗು ಕುಸಿದಿತ್ತು, ಹಾವಸೆ ಸತ್ತು ನೆಲ ಬಿರುಕು ಬಿಟ್ಟಿತ್ತು. ಅದನ್ನು ಮತ್ತೆ ಬದುಕಿಸಲು ಸರ್ಕಾರ ಒಂದು ಯೋಜನೆ ತಂದಿತು. ಕಾಲುವೆಗಳಿಗೆ ಒಡ್ಡು ಹಾಕುವ ಕೆಲಸಕ್ಕೆ ಊರಿನವರು ಯಾರೂ ಹೋಗಲಿಲ್ಲ; ನೀರು ನಿಂತರೆ ಹೆಂಟೆ ಕೊಯ್ಯುವುದೇ ನಿಲ್ಲುತ್ತಿತ್ತು. ನೋರೀನ್ ಹೋದಳು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ದುಡಿಯುತ್ತಿದ್ದ ಮಾಂಸದ ಕಾರ್ಖಾನೆ ಮುಚ್ಚಿತ್ತು.

ಮೊದಲ ವಾರವೇ ಅವಳ ಗೇಟಿಗೆ ಯಾರೋ ಸತ್ತ ಕಾಗೆ ಕಟ್ಟಿದರು. ಅವಳು ಬಿಚ್ಚಿ ಹೂತುಹಾಕಿ ಕೆಲಸಕ್ಕೆ ಹೋದಳು.

ಅವಳ ತಮ್ಮ ಫಿಂಟನ್ ಇದ್ದದ್ದು ಪಕ್ಕದ ಓಣಿಯಲ್ಲಿ. ಅಮ್ಮನೂ ನೋರೀನಳೂ ಇದ್ದ ಮನೆಗೆ ವರ್ಷವಿಡೀ ಹೆಂಟೆ ತರುತ್ತಿದ್ದವನು ಅವನೇ. ಈಗ ನಿಲ್ಲಿಸಿಬಿಟ್ಟ.

"ಅವಳು ಆ ಕೆಲಸ ಬಿಡ್ಲಿ, ನಾಳೇನೇ ತಂದು ಹಾಕ್ತೀನಿ," ಎಂದ, ಅಮ್ಮನ ಎದುರೇ.

ನೋರೀನ್ ಬಿಡಲಿಲ್ಲ. ಪೇಟೆಯಿಂದ ಕಟ್ಟಿಗೆ ತಂದು ಒಲೆ ಹೊತ್ತಿಸಿದಳು. ಅವಳ ಅಮ್ಮ, ಮುದುಕಿ ಡೀಲಿಯಾ, ಕುರ್ಚಿಯನ್ನು ಒಲೆಯಿಂದ ದೂರ ಕಿಟಕಿಯ ಹತ್ತಿರ ಎಳೆಸಿಕೊಂಡು ಕೋಟು ಹೊದ್ದು ಕೂತಳು.

"ಹತ್ರ ಬಾಮ್ಮ, ಬೆಚ್ಚಗಿದೆ."

"ನಿನ್ನ ಬೆಂಕಿ ನೀನೇ ಕಾಯಿಸ್ಕೊ. ನಮ್ಮಪ್ಪ ತೋಡಿದ ಕಾಲುವೆ ಮುಚ್ಚೋ ಕೈ ಅದು."

ಆ ಚಳಿಗಾಲವಿಡೀ ಹಾಗೇ ಕಳೆಯಿತು. ಮಾರ್ಚ್‌ನಲ್ಲಿ ಎದೆಗೆ ಕಫ ಕಟ್ಟಿ ಡೀಲಿಯಾ ತೀರಿಕೊಂಡಳು.

ಶವದ ದರ್ಶನಕ್ಕೆ ಊರಿಗೆ ಊರೇ ಬಂತು. ನೆರೆಮನೆಯ ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ, ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಪೆಟ್ಟಿಗೆಯ ಪಕ್ಕ ಅಕ್ಕ ತಮ್ಮ ನಿಂತಿದ್ದರು. ಬಂದವರು ಫಿಂಟನ್‌ನ ಕೈಹಿಡಿದು ಸಂತಾಪ ಹೇಳಿದರು. ನೋರೀನ್ ಕೈ ಚಾಚಿದಳು. ಅದನ್ನು ದಾಟಿಕೊಂಡು ಮುಂದೆ ಹೋದರು. ಅವಳ ಜೊತೆ ಶಾಲೆಗೆ ಹೋದವರೂ ಹಾಗೇ ಹೋದರು. ಎಷ್ಟೋ ಹೊತ್ತು ಚಾಚಿದ ಕೈ ಅವಳು ಇಳಿಸಲಿಲ್ಲ. ಆಮೇಲೆ ಇಳಿಸಿ ಉಡುಪಿನ ಜೇಬಿಗೆ ಹಾಕಿಕೊಂಡಳು.

ಪೆಟ್ಟಿಗೆ ಎತ್ತುವಾಗ ಅವಳೂ ಹೆಗಲು ಕೊಡಲು ಬಂದಳು.

"ಎತ್ತೋಕೆ ಜನ ಇದ್ದಾರೆ," ಎಂದ ಫಿಂಟನ್. "ನೀನು ಹಿಂದೆ ನಡಿ."

ಜೂನ್ ಹೊತ್ತಿಗೆ ಒಂದೇ ಒಂದು ಕಾಲುವೆ ಉಳಿದಿತ್ತು. ಅದು ಸರ್ಕಾರದ ನೆಲದಲ್ಲಿತ್ತು, ಆದರೆ ಅದನ್ನು ಮುಚ್ಚಿದರೆ ನೀರು ನಿಲ್ಲುವುದು ಫಿಂಟನ್‌ನ ಪಾಲಿನ ಜೌಗಿನ ಮೇಲೆ. ಅಲ್ಲಿ ಅವನು ಕೊಯ್ದ ಹೆಂಟೆ ಗುಡ್ಡೆಗುಡ್ಡೆಯಾಗಿ ಒಣಗುತ್ತಿತ್ತು, ಇಡೀ ಚಳಿಗಾಲದ ಉರುವಲು. ಯೋಜನೆಯ ಅಧಿಕಾರಿ ಡೋನಲ್ ಒಳ್ಳೆಯ ಹುಡುಗ.

"ನಿಮ್ಮ ತಮ್ಮನ ಹೆಂಟೆ ಮನೆ ಸೇರ್ಲಿ, ಆಮೇಲೆ ಹಾಕೋಣ. ನಮಗೇನೂ ಅವಸರ ಇಲ್ಲ. ಏನಂತೀರಿ ನೋರೀನ್?"

"ಇವತ್ತೇ ಹಾಕೋಣ," ಎಂದಳು ಅವಳು.

ಹಲಗೆ ಬಡಿದು, ಜೆಸಿಬಿಯಿಂದ ಕರಿಮಣ್ಣು ತುಂಬಿಸಿ, ಮೇಲೆ ತಾನೇ ನಿಂತು ತುಳಿದಳು. ಆ ವಾರವೆಲ್ಲ ಮಳೆ ಹೊಡೆಯಿತು. ಫಿಂಟನ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೊಣಕಾಲುದ್ದ ನೀರಲ್ಲಿ ಇಳಿದ. ಎತ್ತಿದ ಹೆಂಟೆಯೆಲ್ಲ ಕೈಯಲ್ಲೇ ಕರಗಿ ಗಂಜಿಯಾಗಿ ಸೋರಿತು. ಅವನು ನೋರೀನ್ ಇದ್ದ ಒಡ್ಡಿನ ಹತ್ತಿರ ಬಂದು ನಿಂತ.

"ಸ್ವಲ್ಪ ದಿನ ಕಾಯಬಹುದಿತ್ತಲ್ಲೇ."

"ಕಾಯಬಹುದಿತ್ತು."

"ಮಕ್ಕಳಿಗೆ ಬೆಚ್ಚಗಾಗೋಕೆ ಏನು ಉರಿಸ್ಲಿ ನಾನು?"

"ಮನೆಗೆ ಹೋಗೋ. ಬೂಟು ಒದ್ದೆಯಾಗಿದೆ," ಎಂದಳು.

ಜೌಗು ಬದುಕಿತು. ಕೆಂಪು ಹಾವಸೆ ನೀರಿನ ಮೇಲೆ ಹಬ್ಬಿತು, ಕರ್ಲೂ ಹಕ್ಕಿ ಗೂಡು ಕಟ್ಟಿತು, ಮಂತ್ರಿಯೊಬ್ಬರು ಬಂದು ಫೋಟೋ ತೆಗೆಸಿಕೊಂಡರು.

ಕಳೆದ ವರ್ಷ ಫಿಂಟನ್‌ಗೆ ಶ್ವಾಸಕೋಶದ ರೋಗ ಬಂದು ಗಾಲ್ವೇಯ ಆಸ್ಪತ್ರೆ ಸೇರಿದ. ನೋರೀನ್ ಸೋಡಾ ಬ್ರೆಡ್ ಸುಟ್ಟು ಬಟ್ಟೆಯಲ್ಲಿ ಸುತ್ತಿಕೊಂಡಳು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವಳು ಮಂಚದ ಪಕ್ಕ ನಿಂತು ಅವನ ಹೆಸರು ಕರೆದಳು. ಅವನು ಕಣ್ಣು ಬಿಟ್ಟು ಬಹಳ ಹೊತ್ತು ನೋಡಿದ.

"ಸಿಸ್ಟರ್," ಎಂದು ನರ್ಸನ್ನು ಕೂಗಿದ, "ಯಾರೋ ಗೊತ್ತಿಲ್ಲದವರು ಒಳಗೆ ಬಂದಿದ್ದಾರೆ."

ನರ್ಸ್ ಇಬ್ಬರ ಮುಖವನ್ನೂ ನೋಡಿದಳು. ಒಂದೇ ಮೂಗು, ಒಂದೇ ಗಲ್ಲ. ಆದರೂ ರೋಗಿ ಹೇಳಿದ ಮೇಲೆ ಏನು ಮಾಡುತ್ತಾಳೆ? ಬಾಗಿಲು ತೆರೆದು ಹಿಡಿದಳು.

ದಾರಿಯಲ್ಲಿ ನೋರೀನ್ ಬ್ರೆಡ್ಡನ್ನು ಮುರಿದು ಒಬ್ಬಳೇ ತಿನ್ನುತ್ತ ಬಂದಳು. ಅವನು ಸತ್ತ ಸುದ್ದಿ ಅವಳಿಗೆ ತಿಳಿದದ್ದು ಪತ್ರಿಕೆಯಲ್ಲಿ. ನಿಧನವಾರ್ತೆಯಲ್ಲಿ ಕೊಟ್ಟಿದ್ದ ಬಂಧುಗಳ ಸಾಲಿನಲ್ಲಿ ಅವಳ ಹೆಸರಿರಲಿಲ್ಲ.