ಕೆಂಪು ಲೈಟು ಆರದ ವ್ಯಾನು

ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಮೈದುನ ತನ್ನ ಹಳೆಯ ವ್ಯಾನನ್ನು ನಮಗೆ ಕೊಟ್ಟದ್ದು ತನ್ನ ಅಣ್ಣನ ಎಡಗಾಲಿಗೆ ಸುಖವಾಗಲಿ ಎಂದು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಮಂಡಿನೋವು. ಈ ಗಾಡಿಯಲ್ಲಿ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬೀಳುತ್ತದೆ. ಕೋಟದ ನಮ್ಮ ಕೇರಿಯಲ್ಲಿ ಅಂಥದ್ದು ಬೇರೆ ಇರಲಿಲ್ಲ. ನನಗಂತೂ ಕೋಡು ಮೂಡಿತ್ತು. ಇವತ್ತು ಬಾರ್ಕೂರಿನ ಮದುವೆ, ನಾಳೆ ಕಿರಿಮಂಜೇಶ್ವರದ ನನ್ನ ತವರು. ಅವರನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವ್ಯಾನು ಮುಗ್ಗರಿಸತೊಡಗಿತು. ವೇಗ ಹೆಚ್ಚಿಸಿದರೆ ಜಗ್ಗುತ್ತಿತ್ತು. ಮೇಲಿನ ಗೇರಿಗೆ ಹೋದದ್ದು ತಿರುಗಿ ಕೆಳಗಿನದಕ್ಕೆ ಬಂದು ಬೀಳುತ್ತಿತ್ತು. ಅಯ್ಯೋ, ಗೇರ್ ಬಾಕ್ಸೇ ಹೋಯಿತು ಎಂದು ನಾನು ಮನೆಯಿಡೀ ಗಲಾಟೆ ಮಾಡಿದೆ.

ಅದೇ ದಿನಗಳಲ್ಲಿ ಅವರು ನನ್ನ ಹತ್ತಿರ ಇನ್ನೊಂದು ಮಾತು ಹೇಳಿದ್ದರು. "ಎಡಗಾಲ್ ಜೋಮ್ ಹಿಡ್ದಾಂಗ್ ಆತ್ತ್ ಮರಾಯ್ತಿ. ಹತ್ತಿ ಮೆಟ್ಟಿದಾಂಗೆ." ಒಂದು ಸಲವಲ್ಲ, ಹಲವು ಸಲ ಹೇಳಿದ್ದರು.

"ಹ್ವಾಯ್, ನನ್ ತವರಿಗೆ ಹೋಪ ಅಂದ್ರೆ ಸಾಕ್, ನಿಮ್ಗೆ ಕಾಲ್ ನೆನಪಾತ್ತ್," ಎಂದು ನಗಾಡಿ ವ್ಯಾನು ಹತ್ತಿ ಕೂತಿದ್ದೆ.

ಕುಂದಾಪುರದ ಮೆಕ್ಯಾನಿಕ್ ಗೇರಿನ ಆಯಿಲ್ ಬದಲಿಸಿದ, ಫಿಲ್ಟರ್ ಹೊಸದು ಹಾಕಿದ. ತಾನೇ ಓಡಿಸಿ ನೋಡಿದರೆ ಗಾಡಿ ನಯವಾಗಿ ಹೋಗುತ್ತಿತ್ತು. ಇವರು ಕೂತರೆ ಮತ್ತೆ ಅದೇ ಜಗ್ಗಾಟ. ಪುನಃ ಹೋದಾಗ ನನ್ನ ಪಿತ್ತ ನೆತ್ತಿಗೇರಿತು.

"ನಿಂಗೆ ಗೊತ್ತಾತ್ತಿಲ್ಲ ಅಂದ್ರೆ ಹೇಳ್. ನಾವ್ ಮಂಗ್ಳೂರಿಗೇ ತಕಂಡ್ ಹೋಪುದ್."

"ಗಾಡಿಗೆ ಎಂತದೂ ಆಯ್ಲ ಅಕ್ಕ. ನೀವ್ ಬಿಡ್ಕಂಡ್ ಹೋಯ್ನಿ, ನಾನ್ ಬೈಕಲ್ ಹಿಂದಿಂದ ಬತ್ತೆ," ಎಂದ ಅವನು.

ಕೋಟೇಶ್ವರಕ್ಕೆ ಮುಂಚೆಯೇ ಹಾರನ್ ಹಾಕಿ ನಮ್ಮನ್ನು ನಿಲ್ಲಿಸಿದ. "ಹ್ವಾಯ್, ಹಿಂದಿನ ಕೆಂಪ್ ಲೈಟ್ ದಾರಿ ಇಡೀ ಉರ್ದದ್ದೇ. ಬ್ರೇಕ್ ಮೆಟ್ಕಂಡೇ ಗಾಡಿ ಬಿಡ್ತಿದ್ರಿಯಾ?"

"ನಾನ್ ಬ್ರೇಕ್ ಮುಟ್ಟುಕೇ ಹೋಯ್ಲ," ಎಂದರು ಇವರು.

ನಾನು ಪಕ್ಕದ ಸೀಟಿನಿಂದ ಬಗ್ಗಿ ನೋಡಿದೆ. ವರ್ಷಗಟ್ಟಲೆ ಕ್ಲಚ್ ಮೆಟ್ಟಿದ ಎಡಗಾಲು ಹಳೆಯ ಅಭ್ಯಾಸದಲ್ಲಿ ಮುಂದೆ ಚಾಚಿ, ಅಗಲದ ಬ್ರೇಕ್ ಪೆಡಲಿನ ಅಂಚಿನ ಮೇಲೆ ಬಿದ್ದುಕೊಂಡಿತ್ತು. ಬಲಗಾಲು ಮುಂದಕ್ಕೆ ತಳ್ಳುವಾಗ ಎಡಗಾಲು ಹಿಡಿದರೆ ಗೇರು ಇನ್ನೇನು ಮಾಡೀತು?

"ಎಡಗಾಲ್ ಎಲ್ಲಿತ್ತ್?" ಕೇಳಿದೆ.

"ಕೆಳಗಿತ್ತ್. ಇನ್ನೆಲ್ಲಿ?"

ಚಪ್ಪಲಿ ಜಾರಿಸಿ ಹೆಬ್ಬೆರಳನ್ನು ಗಟ್ಟಿಯಾಗಿ ಚಿವುಟಿದೆ. "ನೋತ್ತಾ?"

"ಎಂತ ನೋವುದ್?"

ಇಳಿದು ಅವರ ಬಾಗಿಲ ಬದಿಗೆ ಹೋಗಿ ಕಾಲನ್ನು ಎತ್ತಿ ನೋಡಿದರೆ, ಬೆರಳುಗಳ ಬುಡದಲ್ಲಿ ಕಡಲ ಚಿಪ್ಪಿನ ಚೂರೊಂದು ಒಳಗೇ ಹೂತುಹೋಗಿತ್ತು. ಸುತ್ತ ಕಪ್ಪಾಗಿ ಕೀವು ಕಟ್ಟಿತ್ತು. ಎಷ್ಟು ದಿನದ್ದೋ, ಅವರಿಗೆ ಗೊತ್ತೇ ಇಲ್ಲ. ಒಂದೇ ಮನೆಯಲ್ಲಿದ್ದ ನಾನೂ ನೋಡಿರಲಿಲ್ಲ. ಗಾಡಿಯನ್ನು ಎಷ್ಟು ಸಲ ಗ್ಯಾರೇಜಿಗೆ ಒಯ್ಯಿಸಿದ್ದೆ, ಕಾಲನ್ನು ಒಮ್ಮೆಯೂ ಡಾಕ್ಟರಿಗೆ ತೋರಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಇವರದ್ದು ಒಂದೇ ಕತೆ: "ಕಂಡ್ ಹಿಡ್ದದ್ ನನ್ ಹೆಂಡ್ತಿ. ಇವ್ಳ್ ಬಗ್ಗಿ ಕಾಣದಿದ್ರೆ ನನ್ ಕಾಲ್ ಉಳೂದಿತ್ತಾ?" ಎಲ್ಲರೂ ನನ್ನನ್ನು ಹೊಗಳಿದರು.

ಒಂದು ಸಂಜೆ ನನ್ನ ಅಣ್ಣ ಕೇಳಿಯೇಬಿಟ್ಟ: "ಅಲ್ಲ ಭಾವ, ಮೊದ್ಲೇ ಎಂತದೂ ಗೊತ್ತಾಯ್ಲ್ಯಾ? ಜೋಮ್ ಗೀಮ್?"

ನಾನು ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಇವರು ನನ್ನ ಕಡೆ ನೋಡಲೇ ಇಲ್ಲ.

"ಆತಿತ್ತ್. ನಾನ್ ಇವ್ಳ್ ಹತ್ರ ಹೇಳ್ಲೇ ಇಲ್ಲ. ಹೇಳಿದ್ರೆ ಅವತ್ತೇ ಎಳ್ಕಂಡ್ ಹೋತಿದ್ಲ್."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ‘ಅಲ್ಲ, ನನ್ನ ಹತ್ತಿರ ಹೇಳಿದ್ದರು’ ಎನ್ನದೆ ಅಣ್ಣನಿಗೆ ಚಹಾ ಕೊಟ್ಟು ಒಳಗೆ ಹೋದೆ.