ಆಗದೆ ಉಳಿದದ್ದನ್ನು ಬರೆದಿಡುವ ಫೋನಕ್ಕ

ಬೆಳಗಿನ ಐದೂಮುಕ್ಕಾಲು. ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಅಕ್ಕ ಬರೆಯುತ್ತಿದ್ದಾರೆ. "ಆಮೇಲೇನಾಗ್ತಿತ್ತಪ್ಪಾ?" ಎನ್ನುತ್ತಾರೆ. ಆ ಕಡೆಯಿಂದ ಆಸ್ಪತ್ರೆಯ ಲಿಫ್ಟ್ ಆಪರೇಟರ್ ಏನೋ ಹೇಳುತ್ತಾನೆ. "ಅಯ್ಯೋ! ಸರಿ, ಮುಂದೆ ಹೇಳು." ತಪ್ಪು ಯಾರದ್ದೆಂದು ಅವರು ಕೇಳುವುದೇ ಇಲ್ಲ.

ಇದು ಅಪಾಯ ವಿಶ್ಲೇಷಕರ ಪ್ರಾದೇಶಿಕ ಸಂಘದ ಕಚೇರಿ. ಎಂಜಿನಿಯರುಗಳು, ವೈದ್ಯರು, ಅಗ್ನಿಶಾಮಕ ದಳದವರು ತಿಂಗಳಿಗೊಮ್ಮೆ ಇಲ್ಲಿ ಸೇರಿ, ಎಲ್ಲಿ ಏನು ಕೆಡಬಹುದೆಂದು ಲೆಕ್ಕ ಹಾಕುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರೇ ಹೆಚ್ಚಿರುವ ಲೋಕದಲ್ಲಿ ಇವರು ಮೊದಲೇ ಬಾವಿಯ ಅಳತೆ ಹಿಡಿದು ಕೂತವರು. ಆದರೆ ಆ ಲೆಕ್ಕಕ್ಕೆ ಬೇಕಾದ ಸುದ್ದಿ ಬರುವುದೆಲ್ಲಿಂದ? ಸಂಘದ ಯಾವ ಫೋಟೋದಲ್ಲೂ ಕಾಣಿಸದ ಈ ಗುಮಾಸ್ತೆಯಿಂದ. ವಯಸ್ಸು ಐವತ್ತೆರಡು, ಸೇವೆ ಹತ್ತೊಂಬತ್ತು ವರ್ಷ. ಕಾರ್ಖಾನೆ, ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ದಿನಕ್ಕೆ ಇಪ್ಪತ್ತೈದು ಕರೆ ಮಾಡಿ, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಬರೆದುಕೊಳ್ಳುತ್ತಾರೆ. ಕೆಲಸಗಾರರ ಬಾಯಲ್ಲಿ ಅವರು ಫೋನಕ್ಕ.

"ಪಾಳಿ ಮುಗಿಸಿ ಕೈಕಾಲು ತೊಳೀತಿರ್ತಾರೆ ನೋಡಿ, ಆಗ ನಿಜ ಹೇಳ್ತಾರೆ. ಮನೆಗೆ ಹೋಗಿ ಮಲಗಿ ಎದ್ರೋ, 'ಏನೂ ಇಲ್ಲ ಅಕ್ಕ, ಎಲ್ಲಾ ಚೆನ್ನಾಗಿದೆ' ಅಂತಾರೆ."

ಗಂಡನಿಗೆ ಇದೆಲ್ಲ ತಮಾಷೆ. "ಆಗಿದ್ದನ್ನ ಬರೆಯೋರನ್ನ ಕಂಡಿದ್ದೆ. ಆಗ್ದೇ ಇದ್ದಿದ್ದನ್ನ ಬರೆಯೋಕೆ ನನ್ನ ಹೆಂಡ್ತೀನೇ ಬೇಕಾಯ್ತು" ಎಂದು ಬಂದವರೆದುರೆಲ್ಲ ನಗುತ್ತಾರೆ.

ಅಕ್ಕ ನಗಲಾರದ ಸಂಗತಿಯೊಂದಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬಾಯ್ಲರಿನ ಕವಾಟ ಸಿಕ್ಕಿಕೊಂಡದ್ದನ್ನು ಬರೆಯುತ್ತ, ಅದರ ಹಿಡಿಕೆ ಎಡಗೈಯವರಿಗೆ ಎಟುಕುವುದಿಲ್ಲ ಎಂದೂ ಸೇರಿಸಿಬಿಟ್ಟರು. ಹೆಸರೇನೋ ಹಾಕಿರಲಿಲ್ಲ. ಆದರೆ ಆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದ ಎಡಚ ಒಬ್ಬನೇ. ವಾರದೊಳಗೆ ಅವನನ್ನು ಗೇಟು ಕಾಯಲು ಹಾಕಿದರು. ತಿಂಗಳಿಗೆ ನಲವತ್ತು ಸುದ್ದಿ ಬರುತ್ತಿದ್ದ ಪುಸ್ತಕಕ್ಕೆ ಮರುತಿಂಗಳು ಮೂರೇ ಬಂದವು.

"ನನ್ನ ನಂಬಿ ಹೇಳಿದೋನು. ನನ್ನ ಒಂದು ಸಾಲು ಅವನ ಕೆಲಸ ತಿಂತು. ಕ್ಷಮೆ ಕೇಳೋಕೆ ಮನೆಗೆ ಹೋದೆ, ಬಾಗಿಲು ತೆಗೀಲಿಲ್ಲ" ಎನ್ನುತ್ತಾರೆ. ಅಂದಿನಿಂದ ಬರೆದ ಪ್ರತಿ ಸಾಲನ್ನೂ ಎರಡು ಸಲ ಓದುತ್ತಾರೆ. ಒಮ್ಮೆ ಅಪಾಯ ತಿಳಿಯುತ್ತದೆಯೇ ಎಂದು, ಇನ್ನೊಮ್ಮೆ ಆಳು ಯಾರೆಂದು ತಿಳಿದುಬಿಡುತ್ತದೆಯೇ ಎಂದು.

ಹೀಗಿರುವಾಗ ಈ ತಿಂಗಳ ಸಭೆಯಲ್ಲಿ ಹೊಸ ಅಧ್ಯಕ್ಷರು ಗೊತ್ತುವಳಿಯೊಂದನ್ನು ಮುಂದಿಡುತ್ತಾರೆ. ಇನ್ನು ಮೇಲೆ ಸುದ್ದಿ ಹೇಳಿದವರ ಹೆಸರೂ ಬೇಕಂತೆ. ಗೋಡೆ ಬದಿಯ ಕುರ್ಚಿಯಲ್ಲಿ ನಡಾವಳಿ ಬರೆಯುತ್ತಿದ್ದ ಅಕ್ಕ ಪೆನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಸಭೆಯಲ್ಲಿ ಅವರು ಬಾಯಿ ತೆರೆಯುವುದು ಇದೇ ಮೊದಲು.

"ಸಾರ್, ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ಒಬ್ಬನ ಗುರುತು ಸಿಕ್ಕಿದ್ದಕ್ಕೇ ಆ ಸಲ ನಲವತ್ತಿದ್ದಿದ್ದು ಮೂರಾಯ್ತು. ಮಿಕ್ಕ ಮೂವತ್ತೇಳು ಆಗೋದು ನಿಂತಿರ್ಲಿಲ್ಲ, ನಮಗೆ ಗೊತ್ತಾಗೋದು ನಿಂತಿತ್ತು. ಹೆಸರು ಬೇಕೇ ಬೇಕು ಅಂದ್ರೆ ಫೋನು ಬೇರೆಯವರಿಗೆ ಕೊಡಿ."

ಅಗ್ನಿಶಾಮಕ ದಳದ ಹಿರಿಯರು ಮೊದಲು ಕೈ ಎತ್ತಿ ಹೆಸರು ಬೇಡವೆನ್ನುತ್ತಾರೆ. ಅವರ ಹಿಂದೆ ಒಂದೊಂದೇ ಕೈ ಏಳುತ್ತದೆ. ಗೊತ್ತುವಳಿ ಬಿದ್ದುಹೋಗುತ್ತದೆ.

ಸಭೆ ಮುಗಿದ ಮೇಲೆ 'ಗೆದ್ದಿರಲ್ಲಾ' ಎಂದರೆ ಅಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ. "ಹೆಸರು ಮುಚ್ಚಿಡೋದೇನು ದೊಡ್ಡಸ್ತಿಕೆ ಅಲ್ಲ ಬಿಡಿ. ಒಂದಿನ ಆ ಕೆಲಸಗಾರರೇ ಈ ಮೆಟ್ಟಿಲು ಹತ್ತಿ ಬಂದು, 'ನನ್ನ ಕೈಯಿಂದ್ಲೇ ಹೀಗಾಗೋದ್ರಲ್ಲಿತ್ತು' ಅಂತ ಎಲ್ಲರ ಮುಂದೆ ಹೇಳ್ಬೇಕು. ಈ ಸಂಘದೋರು ಕುರ್ಚಿ ಎಳೆದು, 'ಕೂತ್ಕೊಳ್ಳಪ್ಪ' ಅನ್ಬೇಕು. ಅದೊಂದು ನೋಡಿ ರಿಟೈರ್ ಆದ್ರೆ ಸಾಕು ನಂಗೆ."